ಹೊಳೆ ದಾಟಿದ ಮೇಲೆ ಅಂಬಿಗನ ಗತಿ ಏನು?

2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕುಗಳ ಮೇಲೆ ಮೊದಲು ಶೇ 25ರಷ್ಟು ಸುಂಕ ಹಾಕಿತು. ಅದೇ ತಿಂಗಳ ಕೊನೆಗೆ ಇನ್ನೂ ಶೇ 25 ಸೇರಿಸಿತು. ಎರಡನೇ ಸುಂಕಕ್ಕೆ ಅದು ಕೊಟ್ಟ ಕಾರಣ, ನಾವು ರಷ್ಯಾದಿಂದ ಕಚ್ಚಾ ತೈಲ ಕೊಳ್ಳುತ್ತೇವೆ ಎಂಬುದು. ಆಗಿನಿಂದ ಊರಿನ ಕಟ್ಟೆ ಮೇಲೆ, ಹೋಟೆಲಿನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: "ಅಮೆರಿಕ ನಮ್ ಕಡೆನೋ, ಅಲ್ವೋ?"

ಉತ್ತರ ಹೇಳುವವರಲ್ಲೂ ಎರಡು ಪಂಗಡ. ಅಮೆರಿಕದ ಸ್ನೇಹ ಇದ್ದರೆ ಯಾರಿಗೂ ಹೆದರಬೇಕಿಲ್ಲ ಎನ್ನುವವರು ಒಂದು ಕಡೆ. ಅಮೆರಿಕ ಎಂದರೆ ಬರೀ ಮೋಸ ಎನ್ನುವವರು ಇನ್ನೊಂದು ಕಡೆ. ಟಿವಿಯಲ್ಲೂ ಇದೇ ಜಗಳ, ಗಂಟಲು ಮಾತ್ರ ಸ್ವಲ್ಪ ದೊಡ್ಡದು.

ಆ ಪ್ರಶ್ನೆಯೇ ತಪ್ಪು ಎಂದು ನನಗೆ ಅನ್ನಿಸುತ್ತದೆ. ಯಾವ ದೊಡ್ಡ ದೇಶವೂ ಇನ್ನೊಬ್ಬರ ಕಡೆ ಇರುವುದಿಲ್ಲ, ತನ್ನ ಕಡೆಗೇ ಇರುತ್ತದೆ. ಅದರಲ್ಲಿ ಆಶ್ಚರ್ಯವೂ ಇಲ್ಲ. ಕೇಳಬೇಕಾದ್ದು ಬೇರೆ: ಅದನ್ನು ನಂಬಿ ಕೆಲಸ ಮಾಡಿದವರು, ಅದರ ಪರವಾಗಿ ಪ್ರಾಣ ಕೊಟ್ಟವರು, ಕೊನೆಗೆ ಎಲ್ಲಿ ನಿಂತರು?

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಳೆದ ಮೂವತ್ತೈದು ವರ್ಷಗಳಲ್ಲಿ ಅಮೆರಿಕವನ್ನು ಹೊಳೆ ದಾಟಿಸಿದ ಅಂಬಿಗರು ಬಹಳ ಮಂದಿ. ಅವರ ಕಥೆ ಕೇಳಿದರೆ ಅಮೆರಿಕದ ವಿದೇಶಾಂಗ ನೀತಿ ಎಂಬುದು ಹೇಗೆ ನಡೆಯುತ್ತದೆ ಎಂದು ಭಾಷಣಗಳಿಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ದಂಗೆ ಏಳಿ ಎಂದರು, ಕೈಕಟ್ಟಿ ನಿಂತರು

1990ರ ಆಗಸ್ಟ್‌ನಲ್ಲಿ ಇರಾಕಿನ ಸದ್ದಾಂ ಹುಸೇನ್ ಪಕ್ಕದ ಕುವೈತನ್ನು ನುಂಗಿದ. 1991ರ ಜನವರಿಯಲ್ಲಿ ಅಮೆರಿಕದ ನೇತೃತ್ವದ ಸೇನೆ ಯುದ್ಧ ಶುರು ಮಾಡಿತು. ಯುದ್ಧ ನಡೆಯುತ್ತಿರುವಾಗಲೇ, ಫೆಬ್ರುವರಿ 15ರಂದು, ಅಧ್ಯಕ್ಷ ಜಾರ್ಜ್ ಬುಷ್ (ಅಪ್ಪ ಬುಷ್) ಬಹಿರಂಗವಾಗಿ ಒಂದು ಮಾತು ಹೇಳಿದರು. ಇರಾಕಿನ ಸೈನಿಕರು ಮತ್ತು ಜನರು ತಾವೇ ಮುಂದೆ ಬಂದು ಸದ್ದಾಂನನ್ನು ಕೆಳಗಿಳಿಸಬೇಕು ಎಂಬುದು ಅದರ ಸಾರ. ಈ ಮಾತು ರೇಡಿಯೊ ಮೂಲಕ ಇರಾಕಿಗೂ ತಲುಪಿತು.

ಜನ ನಂಬಿದರು. ಮಾರ್ಚ್ ಮೊದಲ ವಾರ ದಕ್ಷಿಣದಲ್ಲಿ ಶಿಯಾಗಳು, ಆಮೇಲೆ ಉತ್ತರದಲ್ಲಿ ಕುರ್ದರು ಎದ್ದರು. ದೇಶದ 18 ಪ್ರಾಂತಗಳಲ್ಲಿ 14 ಸದ್ದಾಂನ ಕೈತಪ್ಪಿದವು. ಅಮೆರಿಕದ ಸೇನೆ ಆಗ ಇನ್ನೂ ದಕ್ಷಿಣ ಇರಾಕಿನಲ್ಲೇ ಇತ್ತು.

ಆದರೆ ಅಷ್ಟರಲ್ಲಿ ಕುವೈತ್ ಬಿಡುಗಡೆ ಆಗಿತ್ತು. ಅಮೆರಿಕಕ್ಕೆ ತನ್ನ ಹೊಳೆ ದಾಟಿದ ಹಾಗಾಗಿತ್ತು. ಕದನ ವಿರಾಮದ ಮಾತುಕತೆಯಲ್ಲಿ ಇರಾಕಿನ ಸೇನಾಧಿಕಾರಿಗಳು ಸೇತುವೆಗಳೆಲ್ಲ ಮುರಿದಿವೆ, ಓಡಾಟಕ್ಕೆ ಹೆಲಿಕಾಪ್ಟರ್ ಬೇಕು ಎಂದು ಕೇಳಿದರು. ಅಮೆರಿಕದ ದಂಡನಾಯಕ ಆಗಲಿ ಎಂದರು. ಅದೇ ಹೆಲಿಕಾಪ್ಟರ್‌ಗಳಿಂದ ದಂಗೆ ಎದ್ದವರ ಮೇಲೆ ಗುಂಡಿನ ಮಳೆ ಸುರಿಯಿತು. ಹತ್ತಾರು ಸಾವಿರ ಜನ ಸತ್ತರು. ಲಕ್ಷಗಟ್ಟಲೆ ಕುರ್ದರು ಚಳಿಯಲ್ಲಿ ಬೆಟ್ಟ ಹತ್ತಿ ಟರ್ಕಿ, ಇರಾನ್ ಗಡಿಗೆ ಓಡಿದರು. ಟಿವಿಯಲ್ಲಿ ಆ ಚಿತ್ರಗಳು ಬಂದ ಮೇಲೆ, ಏಪ್ರಿಲ್‌ನಲ್ಲಿ, ಅಮೆರಿಕ ಮತ್ತು ಮಿತ್ರ ದೇಶಗಳು ಉತ್ತರದ ಕುರ್ದರಿಗೆ ರಕ್ಷಣೆ ಕೊಟ್ಟವು. ದಕ್ಷಿಣದವರಿಗೆ ಅಷ್ಟೂ ಸಿಗಲಿಲ್ಲ.

2003ರಲ್ಲಿ ಮಗ ಬುಷ್ ಅದೇ ಇರಾಕಿಗೆ ಮತ್ತೆ ಸೇನೆ ಕಳಿಸಿದರು. ಈ ಸಲ ಕಾರಣ, ಸದ್ದಾಂ ಬಳಿ ಸಾಮೂಹಿಕ ನಾಶದ ಅಸ್ತ್ರಗಳಿವೆ ಎಂಬುದು. ಹುಡುಕಿದರೂ ಅವು ಸಿಗಲಿಲ್ಲ. ಆದರೆ ದಕ್ಷಿಣದ ಶಿಯಾ ಜನ ಅಮೆರಿಕದ ಸೈನಿಕರನ್ನು ಬುಷ್ ನಿರೀಕ್ಷಿಸಿದಷ್ಟು ಸಂತೋಷದಿಂದ ಎದುರುಗೊಳ್ಳಲಿಲ್ಲ. ಹನ್ನೆರಡು ವರ್ಷ ಹಿಂದಿನ ಗೋರಿಗಳು ಅವರಿಗೆ ನೆನಪಿದ್ದವು.

ಮಾಲೀಕನನ್ನು ಹೊರಗಿಟ್ಟು ನಡೆದ ಪಂಚಾಯಿತಿ

ಅಫ್ಘಾನಿಸ್ತಾನದ ಕಥೆ ಎರಡು ಸಲ ನಡೆಯಿತು.

ಮೊದಲನೆಯದು 1980ರ ದಶಕದ್ದು. ಸೋವಿಯತ್ ಸೇನೆ ಅಲ್ಲಿ ನುಗ್ಗಿದಾಗ ಅಮೆರಿಕ ಪಾಕಿಸ್ತಾನದ ಮೂಲಕ ಮುಜಾಹಿದೀನ್ ಹೋರಾಟಗಾರರಿಗೆ ಹಣ, ಬಂದೂಕು ಕೊಟ್ಟಿತು. 1986ರಿಂದ ವಿಮಾನ ಹೊಡೆಯುವ ಸ್ಟಿಂಗರ್ ಕ್ಷಿಪಣಿಗಳನ್ನೂ ಕೊಟ್ಟಿತು. 1989ರ ಫೆಬ್ರುವರಿ 15ರಂದು ಕೊನೆಯ ಸೋವಿಯತ್ ತುಕಡಿ ಹೊರಟುಹೋಯಿತು. ಅಮೆರಿಕದ ಆಸಕ್ತಿಯೂ ಅದರ ಹಿಂದೆಯೇ ಹೋಯಿತು. ಉಳಿದದ್ದು ಬಂದೂಕು ಮತ್ತು ಬಂದೂಕು ಹಿಡಿದವರ ಒಳಜಗಳ. 1996ರಲ್ಲಿ ತಾಲಿಬಾನ್ ಕಾಬೂಲ್ ಹಿಡಿಯಿತು.

ಎರಡನೆಯದು 2001ರ ಸೆಪ್ಟೆಂಬರ್ 11ರ ದಾಳಿಯ ಮೇಲೆ. ಅಕ್ಟೋಬರ್ 7ರಂದು ಬಾಂಬ್ ಬೀಳಲು ಶುರುವಾಯಿತು, ವರ್ಷ ಮುಗಿಯುವುದರೊಳಗೆ ತಾಲಿಬಾನ್ ಸರ್ಕಾರ ಉರುಳಿತು. ಆಮೇಲಿನ 20 ವರ್ಷ ಅಮೆರಿಕ ಅಲ್ಲೇ ಇತ್ತು. ಶಾಲೆ ಕಟ್ಟಿತು, ಸೇನೆ ಕಟ್ಟಿತು, ಚುನಾವಣೆ ನಡೆಸಿತು. ಹೆಣ್ಣುಮಕ್ಕಳು ಶಾಲೆಗೆ ಹೋದರು, ವಕೀಲರಾದರು, ನ್ಯಾಯಾಧೀಶರಾದರು, ಪತ್ರಕರ್ತರಾದರು. ಇದೆಲ್ಲ ನಿಜವಾಗಿ ನಡೆದದ್ದೇ. ಸಾವಿರಾರು ಅಫ್ಘನ್ ಯುವಕರು ಅಮೆರಿಕದ ಸೈನಿಕರ ಜೊತೆ ದುಭಾಷಿಗಳಾಗಿ, ಚಾಲಕರಾಗಿ, ದಾರಿ ತೋರಿಸುವವರಾಗಿ ನಡೆದರು. ಅಂಥವರಿಗೆ ಅಮೆರಿಕಕ್ಕೆ ಬರಲು ವಿಶೇಷ ವೀಸಾ ಕೊಡುತ್ತೇವೆ ಎಂದು 2009ರಲ್ಲಿ ಕಾನೂನೇ ಆಯಿತು.

ಸತ್ತವರ ಲೆಕ್ಕ ನೋಡಿ. 20 ವರ್ಷಗಳಲ್ಲಿ ಸತ್ತ ಅಮೆರಿಕದ ಸೈನಿಕರು 2,400ಕ್ಕಿಂತ ಸ್ವಲ್ಪ ಹೆಚ್ಚು. ಸತ್ತ ಅಫ್ಘನ್ ಸೈನಿಕರು ಮತ್ತು ಪೊಲೀಸರು 66,000ಕ್ಕಿಂತ ಹೆಚ್ಚು. ಆಮೇಲೆ ಅಫ್ಘನ್ನರು ತಮ್ಮ ದೇಶಕ್ಕಾಗಿ ಹೋರಾಡಲಿಲ್ಲ ಎಂಬ ಮಾತು ಬಂತಲ್ಲ, ಆ ಮಾತಿನ ಪಕ್ಕದಲ್ಲಿ ಈ ಎರಡು ಅಂಕಿಗಳನ್ನು ಇಟ್ಟು ನೋಡಬೇಕು.

2020ರ ಫೆಬ್ರುವರಿ 29ರಂದು ಕತಾರ್‌ನ ದೋಹಾದಲ್ಲಿ ಒಪ್ಪಂದ ಆಯಿತು. ಸಹಿ ಹಾಕಿದವರು ಅಮೆರಿಕ ಮತ್ತು ತಾಲಿಬಾನ್. ಆ ದೇಶದ ಚುನಾಯಿತ ಸರ್ಕಾರ ಆ ಕೋಣೆಯಲ್ಲೇ ಇರಲಿಲ್ಲ. ಜಮೀನಿನ ಮಾಲೀಕನನ್ನು ಹೊರಗೆ ಕೂರಿಸಿ, ಒತ್ತುವರಿ ಮಾಡಿದವನ ಜೊತೆ ಪಂಚಾಯಿತಿ ಮಾಡಿದ ಹಾಗೆ. ಅಮೆರಿಕ 14 ತಿಂಗಳಲ್ಲಿ ಹೊರಡುತ್ತದೆ, ಕಾಬೂಲ್ ಸರ್ಕಾರ 5,000 ತಾಲಿಬಾನ್ ಕೈದಿಗಳನ್ನು ಬಿಡಬೇಕು ಎಂದೂ ಅದರಲ್ಲಿ ಬರೆಯಲಾಯಿತು. ಸಹಿಯೇ ಹಾಕದವರು ಪಾಲಿಸಬೇಕಾದ ಷರತ್ತು ಅದು.

ಒಪ್ಪಂದ ಮಾಡಿದ್ದು ಟ್ರಂಪ್ ಸರ್ಕಾರ, ಜಾರಿ ಮಾಡಿದ್ದು ಬೈಡನ್ ಸರ್ಕಾರ. ಅದರಲ್ಲಿ ಎರಡೂ ಪಕ್ಷಗಳ ಪಾಲಿದೆ. 2021ರ ಜುಲೈ ಮೊದಲ ವಾರ ಅಮೆರಿಕದ ಸೇನೆ ಬಗ್ರಾಮ್ ವಾಯುನೆಲೆಯನ್ನು ರಾತ್ರೋರಾತ್ರಿ ಬಿಟ್ಟು ಹೋಯಿತು. ಅಲ್ಲಿನ ಹೊಸ ಅಫ್ಘನ್ ದಳಪತಿಗೆ ಅದು ಗೊತ್ತಾದದ್ದು ಅವರು ಹೋಗಿ ಗಂಟೆಗಳಾದ ಮೇಲೆ. ವಿಮಾನ, ಹೆಲಿಕಾಪ್ಟರ್ ರಿಪೇರಿ ಮಾಡುತ್ತಿದ್ದ ಗುತ್ತಿಗೆ ಕಂಪನಿಗಳವರೂ ಹೊರಟರು. ಟ್ರ್ಯಾಕ್ಟರ್ ಕೊಟ್ಟು ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋದರೆ ಉಳುಮೆ ಎಷ್ಟು ದಿನ ನಡೆಯುತ್ತದೆ? ಅಫ್ಘನ್ ವಾಯುಪಡೆಗೂ ಅದೇ ಆಯಿತು. ಆಗಸ್ಟ್ 15ರಂದು ಕಾಬೂಲ್ ಬಿತ್ತು.

ಆಮೇಲಿನ ದೃಶ್ಯಗಳನ್ನು ನಾವೆಲ್ಲ ಫೋನಿನಲ್ಲಿ ನೋಡಿದ್ದೇವೆ. ರನ್‌ವೇಯಲ್ಲಿ ಓಡುತ್ತಿದ್ದ ವಿಮಾನಕ್ಕೆ ಜೋತುಬಿದ್ದ ಜನ, ಬೇಲಿಯ ಮೇಲಿಂದ ಸೈನಿಕರ ಕೈಗೆ ಕೂಸು ಕೊಟ್ಟ ಅಪ್ಪಂದಿರು. ಆಗಸ್ಟ್ 26ರಂದು ವಿಮಾನ ನಿಲ್ದಾಣದ ಗೇಟಿನಲ್ಲಿ ಆತ್ಮಾಹುತಿ ಬಾಂಬ್ ಸಿಡಿದು 13 ಅಮೆರಿಕನ್ ಸೈನಿಕರೂ ಸುಮಾರು 170 ಅಫ್ಘನ್ನರೂ ಸತ್ತರು. ಮೂರು ದಿನ ಬಿಟ್ಟು, ಉಗ್ರನೆಂದು ತಿಳಿದು ಅಮೆರಿಕ ಹಾರಿಸಿದ ಡ್ರೋನ್ ಕ್ಷಿಪಣಿಗೆ ಒಂದೇ ಮನೆಯ ಆವರಣದಲ್ಲಿ 10 ಜನ ಬಲಿಯಾದರು. ಅದರಲ್ಲಿ 7 ಮಕ್ಕಳು. ಅವರಲ್ಲಿ ಒಬ್ಬರೂ ಉಗ್ರರಲ್ಲ ಎಂದು ಆಮೇಲೆ ಅಮೆರಿಕದ ಸೇನೆಯೇ ಒಪ್ಪಿಕೊಂಡಿತು.

1,20,000ಕ್ಕೂ ಹೆಚ್ಚು ಜನರನ್ನು ವಿಮಾನದಲ್ಲಿ ಸಾಗಿಸಿದ್ದು ಸಣ್ಣ ಕೆಲಸ ಅಲ್ಲ. ಆದರೆ ವಿಶೇಷ ವೀಸಾಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದ ಹತ್ತಾರು ಸಾವಿರ ಜನ ಅಲ್ಲೇ ಉಳಿದರು. ಕೈಯಲ್ಲಿ ಅಮೆರಿಕದ ಅಧಿಕಾರಿ ಬರೆದುಕೊಟ್ಟ ಪ್ರಶಂಸಾ ಪತ್ರ. ಅದು ಸಿಕ್ಕಿದರೆ ತಾಲಿಬಾನ್ ಕೊಲ್ಲುತ್ತದೆ ಎಂದು ಎಷ್ಟೋ ಮಂದಿ ಆ ಪತ್ರವನ್ನೇ ಸುಟ್ಟರು. ಸುಟ್ಟರೆ ವೀಸಾಕ್ಕೆ ದಾಖಲೆ ಇಲ್ಲ, ಇಟ್ಟುಕೊಂಡರೆ ಜೀವಕ್ಕೆ ಖಾತ್ರಿ ಇಲ್ಲ.

2025ರ ಜನವರಿಯಲ್ಲಿ ಟ್ರಂಪ್ ಮತ್ತೆ ಅಧ್ಯಕ್ಷರಾದ ದಿನವೇ ನಿರಾಶ್ರಿತರನ್ನು ಕರೆಸಿಕೊಳ್ಳುವ ಕಾರ್ಯಕ್ರಮ ತಡೆದರು. ಎಲ್ಲ ತಪಾಸಣೆ ಮುಗಿಸಿ ಹೊರಡಲು ಸಿದ್ಧರಾಗಿದ್ದ ಸುಮಾರು 1,600 ಅಫ್ಘನ್ನರ ಪ್ರಯಾಣವೂ ರದ್ದಾಯಿತು. ಇತ್ತ ಅಫ್ಘಾನಿಸ್ತಾನದಲ್ಲಿ ಆರನೇ ತರಗತಿಯ ಮೇಲೆ ಹೆಣ್ಣುಮಕ್ಕಳಿಗೆ ಶಾಲೆ ಇಲ್ಲ. 2022ರ ಡಿಸೆಂಬರ್‌ನಿಂದ ವಿಶ್ವವಿದ್ಯಾಲಯವೂ ಇಲ್ಲ.

ಕಂದಕ ಮುಚ್ಚಿ ಎಂದವರು

ಮೂರನೆಯ ಅಂಬಿಗರು ಸಿರಿಯಾದ ಕುರ್ದರು. 2014ರಲ್ಲಿ ಐಸಿಸ್ ಇರಾಕಿನ ಮೊಸುಲ್ ನಗರ ಹಿಡಿದು ಸಿರಿಯಾದ ತುಂಬ ಹರಡಿದಾಗ, ಅಮೆರಿಕಕ್ಕೆ ಮತ್ತೆ ತನ್ನ ಸೈನಿಕರನ್ನು ದೊಡ್ಡ ಸಂಖ್ಯೆಯಲ್ಲಿ ಕಳಿಸುವ ಮನಸ್ಸಿರಲಿಲ್ಲ. ಆಕಾಶದಿಂದ ಬಾಂಬ್ ತಾನು ಹಾಕುತ್ತೇನೆ, ನೆಲದ ಮೇಲೆ ನೀವು ಹೋರಾಡಿ ಎಂದಿತು. ಕುರ್ದರ ನೇತೃತ್ವದ ಪಡೆ ಹೋರಾಡಿತು. ಅದರಲ್ಲಿ ಬಂದೂಕು ಹಿಡಿದ ಹೆಣ್ಣುಮಕ್ಕಳೂ ಇದ್ದರು. 2017ರಲ್ಲಿ ರಕ್ಕಾ, 2019ರ ಮಾರ್ಚ್‌ನಲ್ಲಿ ಐಸಿಸ್‌ನ ಕೊನೆಯ ಹಳ್ಳಿ ಬಾಘೂಜ್ ಬಿತ್ತು. ತಮ್ಮವರು 11,000 ಜನ ಸತ್ತರು ಎಂದು ಆ ಪಡೆ ಹೇಳಿತು.

ಪಕ್ಕದ ಟರ್ಕಿಗೆ ಈ ಕುರ್ದರ ಮೇಲೆ ಸಿಟ್ಟು. 2019ರ ಆಗಸ್ಟ್‌ನಲ್ಲಿ ಅಮೆರಿಕ ನಡುವೆ ಬಂದು, ಗಡಿಯ ಕೋಟೆ ಕಂದಕಗಳನ್ನು ನೀವು ತೆಗೆಯಿರಿ, ಟರ್ಕಿ ಮೇಲೆ ಬೀಳದ ಹಾಗೆ ನಾವು ನೋಡಿಕೊಳ್ಳುತ್ತೇವೆ ಎಂದು ಕುರ್ದರನ್ನು ಒಪ್ಪಿಸಿತು. ಅವರು ತಮ್ಮ ಕಾವಲನ್ನು ತಾವೇ ಕೆಡವಿದರು. ಅಕ್ಟೋಬರ್ 6ರಂದು ಟರ್ಕಿಯ ಅಧ್ಯಕ್ಷರ ಜೊತೆ ಟ್ರಂಪ್ ಫೋನಿನಲ್ಲಿ ಮಾತಾಡಿದರು. ಗಡಿಯಿಂದ ಅಮೆರಿಕದ ಸೈನಿಕರು ಹಿಂದೆ ಸರಿಯುತ್ತಾರೆ ಎಂಬ ಹೇಳಿಕೆ ಬಂತು. ಅಕ್ಟೋಬರ್ 9ರಂದು ಟರ್ಕಿ ದಾಳಿ ಮಾಡಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಎರಡನೇ ಮಹಾಯುದ್ಧದಲ್ಲಿ ಕುರ್ದರು ನಮಗೇನು ಸಹಾಯ ಮಾಡಿದ್ದರು ಎಂದು ಟ್ರಂಪ್ ಪತ್ರಕರ್ತರ ಮುಂದೆ ಹೇಳಿದರು.

ಮಾತು ಯಾಕೆ ನಿಲ್ಲುವುದಿಲ್ಲ?

ಇದನ್ನೆಲ್ಲ ಒಬ್ಬ ಅಧ್ಯಕ್ಷರ ಸ್ವಭಾವದ ಮೇಲೆ ಹಾಕಿ ಮುಗಿಸಬಹುದು. ಆದರೆ 1991ರಲ್ಲಿ ಇದ್ದವರು ಬುಷ್, 2019ರಲ್ಲಿ ಟ್ರಂಪ್, 2021ರಲ್ಲಿ ಬೈಡನ್. ಜನ ಬೇರೆ, ಪಕ್ಷ ಬೇರೆ, ಫಲ ಒಂದೇ. ಅಂದ ಮೇಲೆ ಕಾರಣ ವ್ಯವಸ್ಥೆಯಲ್ಲೇ ಇರಬೇಕು.

ಮೊದಲ ಕಾರಣ ಕಾಗದದ್ದು. ನಮ್ಮಲ್ಲಿ ಬಾಯಿಮಾತಿನ ಜಮೀನು ಮಾರಾಟಕ್ಕೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಕ್ರಯಪತ್ರಕ್ಕೂ ವ್ಯತ್ಯಾಸ ಎಲ್ಲರಿಗೂ ಗೊತ್ತು. ಅಮೆರಿಕದಲ್ಲೂ ಹಾಗೆಯೇ. ಅಲ್ಲಿನ ಸಂವಿಧಾನದ ಪ್ರಕಾರ ಬೇರೆ ದೇಶದೊಂದಿಗಿನ ಒಪ್ಪಂದ ಪಕ್ಕಾ ಆಗಬೇಕಾದರೆ ಮೇಲ್ಮನೆಯಾದ ಸೆನೆಟ್‌ನಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು. 100 ಜನ ಹಾಜರಿದ್ದರೆ 67. ಈಗಿನ ಪಕ್ಷ ಜಗಳದಲ್ಲಿ ಅಷ್ಟು ಮತ ಸಿಗುವುದು ಬಹಳ ಕಷ್ಟ. ಹಾಗಾಗಿ ಅಧ್ಯಕ್ಷರು ತಮ್ಮ ಸಹಿಯಲ್ಲೇ ಕೆಲಸ ಮುಗಿಸುತ್ತಾರೆ. ಒಬ್ಬರು ಸಹಿಯಿಂದ ಮಾಡಿದ್ದನ್ನು ಇನ್ನೊಬ್ಬರು ಸಹಿಯಿಂದ ಅಳಿಸಬಹುದು.

ಹವಾಮಾನದ ಪ್ಯಾರಿಸ್ ಒಪ್ಪಂದ ನೋಡಿ. ಒಬಾಮ ಸೇರಿಸಿದರು, ಟ್ರಂಪ್ 2020ರಲ್ಲಿ ಹೊರತಂದರು, ಬೈಡನ್ 2021ರಲ್ಲಿ ಮತ್ತೆ ಸೇರಿಸಿದರು, ಟ್ರಂಪ್ 2025ರಲ್ಲಿ ಮತ್ತೆ ಹೊರಹೋಗುವ ಆದೇಶಕ್ಕೆ ಸಹಿ ಹಾಕಿದರು. ಮಳೆಗಾಲ ಹಿಂದುಮುಂದಾದರೆ ಬೆಳೆ ಹೋಗುವುದು ನಮ್ಮದು. ಒಪ್ಪಂದದ ಒಳಗೆ ಹೊರಗೆ ಆಡುವುದು ಅವರು.

ಇರಾನ್ ಅಣು ಒಪ್ಪಂದವೂ ಹಾಗೆಯೇ. 2015ರ ಜುಲೈನಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ರಷ್ಯಾ, ಚೀನಾ ಸೇರಿ ಇರಾನ್ ಜೊತೆ ಮಾಡಿಕೊಂಡ ಒಪ್ಪಂದ. ಇರಾನ್ ಷರತ್ತು ಪಾಲಿಸುತ್ತಿದೆ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮತ್ತೆ ಮತ್ತೆ ವರದಿ ಕೊಟ್ಟಿತ್ತು. ಆದರೂ 2018ರ ಮೇ 8ರಂದು ಅಮೆರಿಕ ಒಪ್ಪಂದದಿಂದ ಹೊರಬಂತು.

ಅದರ ಬಿಸಿ ನಮಗೂ ತಟ್ಟಿತು. ಆಗ ನಮಗೆ ತೈಲ ಕೊಡುವ ದೇಶಗಳಲ್ಲಿ ಇರಾನ್ ಮೂರನೆಯದು. ಸಾಲದ ಅವಧಿಯೂ ಸಿಗುತ್ತಿತ್ತು. ಅಮೆರಿಕದ ದಿಗ್ಬಂಧನಕ್ಕೆ ಹೆದರಿ 2019ರ ಮೇ ತಿಂಗಳಿಂದ ಭಾರತ ಅದನ್ನು ನಿಲ್ಲಿಸಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ಅಗ್ಗಕ್ಕೆ ತೈಲ ಕೊಟ್ಟಿತು, ಭಾರತ ಕೊಂಡಿತು. ಆಗ ಅಮೆರಿಕ ಮತ್ತು ಗೆಳೆಯ ದೇಶಗಳು ಪೀಪಾಯಿಗೆ 60 ಡಾಲರ್ ಎಂದು ಮಿತಿ ಹಾಕಿದವು. ರಷ್ಯಾಗೆ ಲಾಭ ಕಡಿಮೆಯಾಗಲಿ, ಜಗತ್ತಿಗೆ ತೈಲ ಹರಿಯುತ್ತಿರಲಿ ಎಂಬುದು ಅದರ ಲೆಕ್ಕ. ಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ತೈಲಕ್ಕೆ ನಮ್ಮ ಮೇಲೆ ಶೇ 25 ಸುಂಕ. ನಾವು ಬದಲಾಗಿರಲಿಲ್ಲ, ಶ್ವೇತಭವನದಲ್ಲಿ ಕೂತವರು ಬದಲಾಗಿದ್ದರು.

ಎರಡನೆಯ ಕಾರಣ ಯುದ್ಧದ ದೂರ. 1973ರಲ್ಲಿ ಅಮೆರಿಕ ಕಡ್ಡಾಯ ಸೇನಾ ಭರ್ತಿ ನಿಲ್ಲಿಸಿತು. ಅಂದಿನಿಂದ ಯುದ್ಧಕ್ಕೆ ಹೋಗುವವರು ಕೆಲವೇ ಮನೆಗಳವರು. ಉಳಿದವರಿಗೆ ಯುದ್ಧ ಟಿವಿಯ ಸುದ್ದಿ. ಸುದ್ದಿ ಹಳೆಯದಾದರೆ ಯುದ್ಧವೂ ಹಳೆಯದು. 2001ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸಂಸತ್ತು ಅಧ್ಯಕ್ಷರಿಗೆ ಬಲಪ್ರಯೋಗದ ಅಧಿಕಾರ ಕೊಟ್ಟ ಕಾನೂನಿನ ಮುಖ್ಯ ಭಾಗ ಕೇವಲ 60 ಪದಗಳದ್ದು. ಕೆಳಮನೆಯಲ್ಲಿ 420 ಜನ ಪರ, ವಿರೋಧ ಒಂದೇ ಒಂದು ಮತ, ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದು. ಕಣ್ಣೀರು ತಡೆಯುತ್ತಾ ಆಕೆ, ಎಚ್ಚರ ತಪ್ಪಿ ಕೊನೆಯಿಲ್ಲದ ಯುದ್ಧಕ್ಕೆ ಇಳಿಯಬೇಡಿ ಎಂಬರ್ಥದ ಮಾತು ಹೇಳಿದರು. ಅವರಿಗೆ ಕೊಲೆ ಬೆದರಿಕೆಗಳು ಬಂದವು. ಆ 60 ಪದಗಳ ಆಧಾರದಲ್ಲಿ ಆಮೇಲೆ ಯೆಮನ್, ಸೊಮಾಲಿಯಾ, ಸಿರಿಯಾವರೆಗೂ ಕಾರ್ಯಾಚರಣೆ ನಡೆಯಿತು.

ಭರವಸೆ ಬೇರೆ, ಜಾಮೀನು ಬೇರೆ

ಕಾಗದದಲ್ಲಿ ಏನಿದೆ ಎಂದು ಓದದೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಉಕ್ರೇನ್ ಸಾಕ್ಷಿ. ಸೋವಿಯತ್ ಒಕ್ಕೂಟ ಒಡೆದಾಗ ಅಣ್ವಸ್ತ್ರಗಳಲ್ಲಿ ಜಗತ್ತಿನ ಮೂರನೇ ದೊಡ್ಡ ರಾಶಿ ಉಕ್ರೇನ್ ನೆಲದಲ್ಲಿತ್ತು. 1994ರ ಡಿಸೆಂಬರ್ 5ರಂದು ಬುಡಾಪೆಸ್ಟ್‌ನಲ್ಲಿ ಅಮೆರಿಕ, ಬ್ರಿಟನ್, ರಷ್ಯಾ ಒಂದು ಪತ್ರಕ್ಕೆ ಸಹಿ ಹಾಕಿದವು: ಅಣ್ವಸ್ತ್ರ ಬಿಡಿ, ನಿಮ್ಮ ಗಡಿಯನ್ನು ಗೌರವಿಸುತ್ತೇವೆ. ಉಕ್ರೇನ್ ಎಲ್ಲವನ್ನೂ ರಷ್ಯಾಕ್ಕೆ ಒಪ್ಪಿಸಿತು. ಆ ಪತ್ರದಲ್ಲಿ ಇದ್ದದ್ದು ಭರವಸೆ ಎಂಬ ಪದ, ಜಾಮೀನು ಎಂಬ ಪದ ಅಲ್ಲ. ದಾಳಿಯಾದರೆ ಸೇನೆ ಕಳಿಸುತ್ತೇವೆ ಎಂದು ಯಾರೂ ಬರೆದಿರಲಿಲ್ಲ.

ಸಹಿ ಹಾಕಿದ ರಷ್ಯಾವೇ 2014ರಲ್ಲಿ ಕ್ರಿಮಿಯಾ ಕಿತ್ತುಕೊಂಡಿತು, 2022ರ ಫೆಬ್ರುವರಿ 24ರಂದು ಪೂರ್ತಿ ಯುದ್ಧ ಹೂಡಿತು. ಇಲ್ಲಿ ಮೊದಲ ತಪ್ಪಿತಸ್ಥ ರಷ್ಯಾ, ಅದರಲ್ಲಿ ಎರಡು ಮಾತಿಲ್ಲ. ಅಮೆರಿಕ ಬಹಳ ದೊಡ್ಡ ಪ್ರಮಾಣದಲ್ಲಿ ಆಯುಧ, ಹಣ ಕೊಟ್ಟಿತು. ಆದರೆ 2025ರ ಫೆಬ್ರುವರಿ ಕೊನೆಗೆ ಶ್ವೇತಭವನದಲ್ಲಿ ಕ್ಯಾಮೆರಾಗಳ ಎದುರೇ ಟ್ರಂಪ್ ಮತ್ತು ಝೆಲೆನ್‌ಸ್ಕಿ ನಡುವೆ ಜಗಳ ಆಯಿತು. ಕೆಲವೇ ದಿನಗಳಲ್ಲಿ ಆಯುಧವೂ ಗುಪ್ತಚರ ಮಾಹಿತಿಯೂ ನಿಂತವು. ಒಂದು ವಾರದ ಮೇಲೆ ಮತ್ತೆ ಶುರುವಾದವು. ಯುದ್ಧದಲ್ಲಿರುವ ದೇಶಕ್ಕೆ ಒಂದು ವಾರ ಎಂದರೆ ಏನು ಎಂದು ಕಂದಕದಲ್ಲಿ ಕೂತವನನ್ನೇ ಕೇಳಬೇಕು.

ಹಾಗಾದರೆ ಎಲ್ಲವೂ ಕೆಟ್ಟದ್ದೇ?

ಅಲ್ಲ. ನ್ಯಾಯವಾಗಿ ನೋಡಿದರೆ ಇನ್ನೊಂದು ಮಗ್ಗುಲೂ ಇದೆ.

ಜಪಾನ್, ದಕ್ಷಿಣ ಕೊರಿಯಾ, ಪಶ್ಚಿಮ ಯುರೋಪಿನ ದೇಶಗಳಿಗೆ ಅಮೆರಿಕ ಕೊಟ್ಟ ಮಾತು ಎಪ್ಪತ್ತು ವರ್ಷ ದಾಟಿ ನಿಂತಿದೆ. ಅಲ್ಲಿ ಸೆನೆಟ್ ಒಪ್ಪಿದ ಒಪ್ಪಂದವಿದೆ, ನೆಲದ ಮೇಲೆ ಅಮೆರಿಕದ್ದೇ ಸೈನಿಕರಿದ್ದಾರೆ. ಅಂದರೆ ಅಮೆರಿಕ ಎಂದೂ ಮಾತು ಉಳಿಸಿಕೊಳ್ಳುವುದಿಲ್ಲ ಎನ್ನುವುದು ಸುಳ್ಳು. ನೋಂದಣಿಯಾದ ಮಾತು ಹೆಚ್ಚು ಬಾಳುತ್ತದೆ, ಬಾಯಿಮಾತು ಬಾಳುವುದಿಲ್ಲ. ಅದೇ ಬುಷ್ 2003ರಲ್ಲಿ ಶುರು ಮಾಡಿದ ಏಡ್ಸ್ ವಿರುದ್ಧದ ಯೋಜನೆಯಿಂದ ಆಫ್ರಿಕಾದಲ್ಲಿ ಲಕ್ಷಾಂತರ ಜನ ಬದುಕಿದರು. 2025ರ ಜನವರಿಯಲ್ಲಿ ವಿದೇಶಿ ನೆರವನ್ನೆಲ್ಲ ಒಮ್ಮೆಲೇ ತಡೆದಾಗ ಅದರ ಎಷ್ಟೋ ಕ್ಲಿನಿಕ್‌ಗಳ ಬಾಗಿಲಿಗೂ ಬೀಗ ಬಿತ್ತು ಎಂಬುದೂ ಅದೇ ಕಥೆಯ ಭಾಗ.

ಪತ್ರಿಕೋದ್ಯಮ ಓದಿದ ನಮಗೆ ಇನ್ನೊಂದು ವಿಷಯ ಮುಖ್ಯ. ಅಫ್ಘನ್ ಯುದ್ಧ ಗೆಲ್ಲುತ್ತಿದ್ದೇವೆ ಎಂದು ಅಧಿಕಾರಿಗಳು ವರ್ಷಗಟ್ಟಲೆ ಹೇಳುತ್ತಿದ್ದರು. ಒಳಗೆ ಅವರಿಗೇ ಆ ನಂಬಿಕೆ ಇರಲಿಲ್ಲ. ಇದು ಹೊರಬಂದದ್ದು 2019ರ ಡಿಸೆಂಬರ್‌ನಲ್ಲಿ, ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 2,000 ಪುಟಗಳಿಗೂ ಹೆಚ್ಚು ಸರ್ಕಾರಿ ದಾಖಲೆ ಪ್ರಕಟಿಸಿದಾಗ. ಅದನ್ನು ಪಡೆಯಲು ಪತ್ರಿಕೆ ನಮ್ಮ ಆರ್‌ಟಿಐ ಥರದ ಕಾನೂನಿನಡಿ ಅರ್ಜಿ ಹಾಕಿ, ಎರಡು ಸಲ ಕೋರ್ಟಿಗೆ ಹೋಗಿ, ಮೂರು ವರ್ಷ ಕಾದಿತ್ತು. ಕಾಬೂಲ್ ಬಿದ್ದಾಗ ಅಮೆರಿಕದ ಮಾಜಿ ಸೈನಿಕರು ರಾತ್ರಿಯೆಲ್ಲ ಫೋನಿನಲ್ಲಿ ಕೂತು ತಮ್ಮ ಹಳೆಯ ದುಭಾಷಿಗಳನ್ನು ಗೇಟಿನವರೆಗೆ ದಾರಿ ತೋರಿಸಿ ಹೊರತಂದರು. ಸರ್ಕಾರ ಮರೆತದ್ದನ್ನು ಅದೇ ದೇಶದ ಜನ ಮರೆಯಲಿಲ್ಲ. ರಷ್ಯಾದಲ್ಲೋ ಚೀನಾದಲ್ಲೋ ಸರ್ಕಾರದ ವಿರುದ್ಧ ಇಂಥ ದಾಖಲೆಗಾಗಿ ಪತ್ರಿಕೆಯೊಂದು ಕೋರ್ಟಿಗೆ ಹೋಗಿ ಗೆಲ್ಲುವುದನ್ನು ಊಹಿಸುವುದೂ ಕಷ್ಟ.

ನಮ್ಮ ತಟ್ಟೆಯನ್ನೂ ನೋಡಿಕೊಳ್ಳಬೇಕು. ಮೈಸೂರು, ಬೆಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಅಫ್ಘನ್ ವಿದ್ಯಾರ್ಥಿಗಳು ಓದುತ್ತಿದ್ದದ್ದು ನಿಮಗೆ ಗೊತ್ತಿರಬಹುದು. 2021ರ ಆಗಸ್ಟ್‌ನಲ್ಲಿ ಭಾರತ ಸರ್ಕಾರ ಅಫ್ಘನ್ನರಿಗೆ ಹಿಂದೆ ಕೊಟ್ಟಿದ್ದ, ಅವರು ಇನ್ನೂ ಬಳಸದ ವೀಸಾಗಳನ್ನು ರದ್ದು ಮಾಡಿ, ಇ-ವೀಸಾ ಮಾತ್ರ ನಡೆಯುತ್ತದೆ ಎಂದಿತು. ಭಾರತದ ಕಾಲೇಜುಗಳಲ್ಲಿ ಓದುತ್ತಿದ್ದು, ಕೋವಿಡ್ ಸಮಯದಲ್ಲಿ ಊರಿಗೆ ಹೋಗಿದ್ದ ಎಷ್ಟೋ ಮಕ್ಕಳು ವಾಪಸು ಬರಲಾಗದೆ ಸಿಕ್ಕಿಕೊಂಡರು. ಸ್ನೇಹಿತರನ್ನು ಬಾಗಿಲಲ್ಲಿ ನಿಲ್ಲಿಸುವುದು ಅಮೆರಿಕಕ್ಕೆ ಮಾತ್ರ ಬರುವ ವಿದ್ಯೆ ಅಲ್ಲ.

ನಮಗೇನು ಪಾಠ?

ನಮ್ಮ ಊರುಗಳ ಹಿರಿಯರಿಗೆ ಶಾಲೆಯ ಕೇರ್ ಉಪ್ಪಿಟ್ಟು, ಅಮೆರಿಕದ ಹಾಲಿನ ಪುಡಿ ನೆನಪಿರುತ್ತದೆ. ಆ ಕಾಲದಲ್ಲಿ ಪಿಎಲ್ 480 ಎಂಬ ಕಾನೂನಿನಡಿ ಅಮೆರಿಕದಿಂದ ಗೋಧಿ ಬರುತ್ತಿತ್ತು. 1965 ಮತ್ತು 66ರಲ್ಲಿ ಸಾಲುಸಾಲು ಬರ ಬಿದ್ದಾಗ ದೇಶ ಆ ಹಡಗುಗಳನ್ನೇ ಕಾಯುತ್ತಿತ್ತು. ವಿಯೆಟ್ನಾಂ ಮೇಲೆ ಬಾಂಬ್ ಹಾಕಬೇಡಿ ಎಂದು ಭಾರತ ಹೇಳಿದ್ದು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೆ ಹಿಡಿಸಲಿಲ್ಲ. ದೀರ್ಘ ಒಪ್ಪಂದ ಬಿಟ್ಟು, ಸ್ವಲ್ಪ ಸ್ವಲ್ಪವಾಗಿ, ಹಡಗು ಲೆಕ್ಕದಲ್ಲಿ ಗೋಧಿ ಬಿಡತೊಡಗಿದರು.

ಆಗ ಕೃಷಿ ಸಚಿವರಾಗಿದ್ದ ಸಿ. ಸುಬ್ರಮಣ್ಯಂ ಮತ್ತು ವಿಜ್ಞಾನಿಗಳು ಹೊಸ ಗೋಧಿ ತಳಿ ತಂದರು, ರೈತರು ಬೆಳೆದರು. ಹಸಿರು ಕ್ರಾಂತಿಯಿಂದ ನೆಲ, ನೀರಿಗೆ ಆದ ಹಾನಿಯ ಚರ್ಚೆ ಬೇರೆ ಇದೆ, ಅದು ನಡೆಯಲಿ. ಆದರೆ ಅನ್ನಕ್ಕಾಗಿ ಹಡಗು ಕಾಯುವ ಸ್ಥಿತಿ ತಪ್ಪಿತು. ಆ ಗೋಧಿಯನ್ನೂ ಭಾರತ ಬೇಡ ಎನ್ನಲಿಲ್ಲ. ಹಸಿದ ಹೊಟ್ಟೆಗೆ ಪಡೆದುಕೊಂಡಿತು, ಪಡೆಯುತ್ತಲೇ ತನ್ನ ಹೊಲ ಸಿದ್ಧ ಮಾಡಿಕೊಂಡಿತು. ದೊಡ್ಡವರ ಜೊತೆ ವ್ಯವಹಾರ ಮಾಡುವ ರೀತಿ ಇದು ಎಂದು ನನ್ನ ಅಭಿಪ್ರಾಯ. ಅಮೆರಿಕದ ಜೊತೆ ವ್ಯಾಪಾರ ಬೇಕು, ವಿದ್ಯೆ ಬೇಕು, ತಂತ್ರಜ್ಞಾನ ಬೇಕು. ಆದರೆ ತೈಲ, ಆಯುಧ, ಅನ್ನ ಮೂರರಲ್ಲೂ ಒಬ್ಬರನ್ನೇ ನಂಬಿ ಕೂರುವುದು ಬೇಡ. ರಷ್ಯಾ ಜೊತೆಗೂ ಇದೇ ಲೆಕ್ಕ.

ಇದು ದೆಹಲಿಯವರ ಕೆಲಸ, ನಮಗೇನು ಎನ್ನಬಹುದು. ಆದರೆ ನಾಯಕರು ತಬ್ಬಿಕೊಂಡ ಫೋಟೊ ನೋಡಿ ಚಪ್ಪಾಳೆ ಹೊಡೆಯುವವರು ನಾವೇ, ಸುಂಕ ಬಿದ್ದಾಗ ಬೈಯುವವರೂ ನಾವೇ. ಎರಡಕ್ಕೂ ಮೊದಲು ಮೂರು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡರೆ ಸಾಕು. ಒಂದು, ಈ ಮಾತು ಎಲ್ಲಿ ಬರೆದಿದೆ, ಬರೆದ ಪದ ಭರವಸೆಯೋ ಜಾಮೀನೋ? ಎರಡು, ಸಹಿ ಹಾಕಿದವರು ಮುಂದಿನ ಚುನಾವಣೆಯಲ್ಲಿ ಹೋದರೆ ಅದು ಉಳಿಯುತ್ತದೆಯೇ? ಮೂರು, ಈ ಒಪ್ಪಂದದ ಭಾರ ಹೊರುವವರು ಮಾತುಕತೆಯ ಕೋಣೆಯಲ್ಲಿ ಇದ್ದರೇ?

ಮೂರನೆಯ ಪ್ರಶ್ನೆಗೆ ದೋಹಾದಲ್ಲಿ ಇಲ್ಲ ಎಂಬ ಉತ್ತರ ಸಿಕ್ಕಿದ ದಿನವೇ ಕಾಬೂಲಿನ ಹೆಣ್ಣುಮಕ್ಕಳ ಶಾಲೆಯ ಬಾಗಿಲು ಅರ್ಧ ಮುಚ್ಚಿತ್ತು. ನಾಳೆ ಹಾಲು, ಜೋಳ, ಸೋಯಾ ಬಗ್ಗೆ ಯಾವುದೋ ದೊಡ್ಡ ದೇಶದ ಜೊತೆ ವ್ಯಾಪಾರ ಒಪ್ಪಂದ ಆದಾಗ ನಾವೂ ಕೇಳಬೇಕಾದ್ದು ಇದನ್ನೇ: ಆ ಕೋಣೆಯಲ್ಲಿ ರೈತರ ಪರ ಮಾತಾಡಲು ಯಾರಿದ್ದರು?